ಅಮ್ಮನ ಪೆಟ್ಟಿಗೆಯ ಪತ್ತೇದಾರರು

ಭಾನುವಾರ ಬೆಳಗಾಯಿತೆಂದರೆ ನನ್ನ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ. ಕಾಫಿ ಕುಡಿದು, ಹೆಗಲಿಗೊಂದು ಬಟ್ಟೆಯ ಚೀಲ ತಗಲಿಸಿಕೊಂಡು, ಮಿಯಾಪುರದ ಮೆಟ್ರೊ ನಿಲ್ದಾಣದ ಕಡೆ ಹೊರಟೆನೆಂದರೆ ನಮ್ಮಾಕೆ ಎದುರುಮನೆಯವರಿಗೆ ಕೇಳುವಂತೆಯೇ, "ಹೊರಟಿತು ನೋಡಿ ಸವಾರಿ, ಕೊಲೆ ಹುಡುಕಿಕೊಂಡು!" ಎನ್ನುತ್ತಾಳೆ. ಮಾತು ಕಟುವಾದರೂ ಸುಳ್ಳೇನಲ್ಲ. ಕೊಲೆ, ದರೋಡೆ, ದೆವ್ವ, ಮಾಟ, ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಬಿದ್ದ ಹೆಣ, ಇವುಗಳನ್ನೇ ನಾನು ಹುಡುಕಿಕೊಂಡು ಹೋಗುವುದು. ಆದರೆ ಅವೆಲ್ಲ ಕಾಗದದ ಮೇಲಿನವು. ಹಳೆಯ ಪುಸ್ತಕದಂಗಡಿಗಳಲ್ಲಿ, ಕಾಲುದಾರಿಯ ರಾಶಿಗಳಲ್ಲಿ, ರದ್ದಿ ಕೊಳ್ಳುವವನ ತಕ್ಕಡಿಯ ಪಕ್ಕದಲ್ಲಿ, ಹೊದಿಕೆ ಹರಿದು ಬಿದ್ದಿರುವ ಪತ್ತೇದಾರಿ ಮತ್ತು ಭಯಾನಕ ಕಾದಂಬರಿಗಳನ್ನು ಆರಿಸಿ ತರುವುದು ಹಲವು ವರ್ಷಗಳಿಂದ ನನಗೆ ಅಂಟಿಕೊಂಡಿರುವ ಕೆಲಸ.

ಮಿಯಾಪುರದಲ್ಲಿ ಮನೆ ಮಾಡಿದವರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. 2017ರ ನವೆಂಬರಿನಲ್ಲಿ ಹೈದರಾಬಾದಿನ ಮೆಟ್ರೊ ಇಲ್ಲಿಂದಲೇ ಶುರುವಾಯಿತು. ಮೊದಲ ನಿಲ್ದಾಣ ನಮ್ಮದೇ ಆದ್ದರಿಂದ ಕೂರಲು ಸ್ಥಳ ಸಿಗದೆ ಹೋಗುವುದಿಲ್ಲ. ಮರುವರ್ಷ ಸೆಪ್ಟೆಂಬರಿನಲ್ಲಿ ಅದೇ ಮಾರ್ಗ ಅಮೀರ್‌ಪೇಟೆಯನ್ನು ದಾಟಿ ಎಲ್.ಬಿ. ನಗರದವರೆಗೂ ಬೆಳೆದ ಮೇಲೆ ನನ್ನ ಹುಚ್ಚಿಗೆ ರೈಲು ಹಳಿಯನ್ನೇ ಹಾಕಿಕೊಟ್ಟಂತಾಯಿತು. ನಾಂಪಲ್ಲಿಯಲ್ಲಿ ಇಳಿದು ಸ್ವಲ್ಪ ನಡೆದರೆ ಅಬಿಡ್ಸ್. ಕೋಠಿಯ ಹಳೆಯ ಪುಸ್ತಕದಂಗಡಿಗಳಿಗೆ ಹೋಗುವುದಾದರೆ ಉಸ್ಮಾನಿಯಾ ಮೆಡಿಕಲ್ ಕಾಲೇಜಿನ ನಿಲ್ದಾಣದಲ್ಲಿ ಇಳಿಯಬೇಕು.

ಅಬಿಡ್ಸ್ ಭಾನುವಾರದ ದಿನ ಬೇರೆಯೇ ಊರು. ದೊಡ್ಡ ಅಂಗಡಿಗಳು ಬಾಗಿಲೆಳೆದಿರುತ್ತವೆ. ಅವುಗಳ ಮುಚ್ಚಿದ ಬಾಗಿಲುಗಳ ಮುಂದೆ ತಾಡಪಾಲು ಹಾಸಿ ಹಳೆಯ ಪುಸ್ತಕದವರು ಕುಳಿತಿರುತ್ತಾರೆ. ಮೇಲ್ಪದರದಲ್ಲಿ ಎಂಜಿನಿಯರಿಂಗ್ ಪರೀಕ್ಷೆಯ ಪುಸ್ತಕಗಳು, ವ್ಯಕ್ತಿತ್ವ ವಿಕಸನದ ಪುಸ್ತಕಗಳು, ಮಕ್ಕಳ ಬಣ್ಣದ ಪುಸ್ತಕಗಳು. ಅವುಗಳನ್ನು ಸರಿಸಿ ಕೆಳಕ್ಕೆ ಕೈ ಹಾಕಬೇಕು. ಅಲ್ಲಿ ಜೇಮ್ಸ್ ಹ್ಯಾಡ್ಲಿ ಚೇಸ್ ಸಿಗುತ್ತಾನೆ, ಮೀರಠ್ ಕಡೆಯ ಹಿಂದಿ ಜಾಸೂಸಿ ಕಾದಂಬರಿ ಸಿಗುತ್ತದೆ, ಅಟ್ಟೆ ಕಿತ್ತುಹೋದ ಉರ್ದು ಪುಸ್ತಕ ಸಿಗುತ್ತದೆ, ತೆಲುಗಿನ ಕ್ಷುದ್ರವಿದ್ಯೆಯ ಕಾದಂಬರಿ ಸಿಗುತ್ತದೆ. ಕನ್ನಡ ಮಾತ್ರ ಅಪರೂಪ. ಎಷ್ಟೋ ಭಾನುವಾರ ಬರಿಗೈಯಲ್ಲಿ ಬಂದಿದ್ದೇನೆ. ಆದರೂ ಅಲ್ಲಿಯ ವ್ಯಾಪಾರಿಗಳಿಗೆ ನನ್ನ ಗುರುತು ಹತ್ತಿಬಿಟ್ಟಿದೆ. "ಆಯಿಯೇ ಸಾಬ್, ಭೂತಾಂ ಕೀ ಕಿತಾಬಾಂ ಹೈಂ" ಎಂದು ದೂರದಿಂದಲೇ ದಖ್ಖನಿಯಲ್ಲಿ ಕೂಗುತ್ತಾರೆ. ದಾರಿಹೋಕರು ತಿರುಗಿ ನೋಡುತ್ತಾರೆ. ನಲವತ್ತು ವರ್ಷ ಕಾರ್ಖಾನೆಯಲ್ಲಿ ಮಾನವಾಗಿ ದುಡಿದು ನಿವೃತ್ತನಾದವನಿಗೆ ಈ ವಯಸ್ಸಿನಲ್ಲಿ ಸಿಕ್ಕಿರುವ ಬಿರುದು ಇದು.

ಇದೇನು ಚಟ ಎಂದು ನೀವು ಕೇಳಬಹುದು. ಚಟವೆಂದರೂ ಸರಿಯೆ. ಆದರೆ ಅದು ಶುರುವಾದದ್ದು ನಾನೇ ಮಾಡಿದ ಒಂದು ತಪ್ಪಿನಿಂದ.

2011ರಲ್ಲಿ ತುಮಕೂರಿನ ನಮ್ಮ ಹಳೆಯ ಮನೆಯನ್ನು ಮಾರಿದೆವು. ತಂದೆಯವರು ತೀರಿಕೊಂಡಿದ್ದರು, ಅಮ್ಮನೊಬ್ಬಳನ್ನೇ ಅಲ್ಲಿ ಬಿಡುವ ಹಾಗಿರಲಿಲ್ಲ. ಅವಳನ್ನು ಹೈದರಾಬಾದಿಗೆ ಕರೆತರುವುದೆಂದು ನಿಶ್ಚಯವಾಗಿ, ನಾನು ನಾಲ್ಕು ದಿನ ರಜ ಹಾಕಿ ಹೋಗಿ ಮನೆ ಖಾಲಿ ಮಾಡಿಸಿದೆ. ಪಾತ್ರೆಗಳು ತಂಗಿಯ ಮನೆಗೆ, ದೇವರ ಮಂಟಪ ನಮ್ಮೊಡನೆ, ಉಳಿದದ್ದು ಸಿಕ್ಕವರಿಗೆ. ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆ ಇತ್ತು. ಮುಚ್ಚಳ ತೆಗೆದರೆ ಹಳದಿಯಾದ ಸಣ್ಣ ಸಣ್ಣ ಪುಸ್ತಕಗಳು, ಮೇಲೊಂದಿಷ್ಟು ಹಳೆಯ ವಾರಪತ್ರಿಕೆಗಳು. ಧೂಳು ಮೂಗಿಗೆ ಏರಿ ಸೀನು ಬಂತು. ಮುಚ್ಚಳ ಹಾಕಿ ರದ್ದಿಯವನನ್ನು ಕೂಗಿದೆ. 22 ಕಿಲೋ ತೂಗಿತು. ಕಿಲೋಗೆ 6 ರೂಪಾಯಿಯಂತೆ 132 ರೂಪಾಯಿ ಕೊಟ್ಟ. ಪೆಟ್ಟಿಗೆಗೆ ಬೇರೆ 50. ಒಳ್ಳೆಯ ವ್ಯಾಪಾರವಾಯಿತೆಂದು ಆ ಹಣದಲ್ಲಿ ಬಸ್ಸಿನ ದಾರಿಗೆ ಹಣ್ಣು ತಂದೆ.

ಅದೇ ವರ್ಷ ಡಿಸೆಂಬರಿನ ಕೊನೆಯ ವಾರ. ಅಮ್ಮ ಮಿಯಾಪುರಕ್ಕೆ ಬಂದು ಮೂರು ತಿಂಗಳಾಗಿತ್ತು. ಪತ್ತೇದಾರಿ ಕಾದಂಬರಿಕಾರ ಎನ್. ನರಸಿಂಹಯ್ಯನವರು ತೀರಿಕೊಂಡ ಸುದ್ದಿ ಕನ್ನಡ ಪತ್ರಿಕೆಯಲ್ಲಿ ಬಂದಿತ್ತು. ನಾನೇ ಅದನ್ನು ಅಮ್ಮನಿಗೆ ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಪೆಟ್ಟಿಗೆ ಎಲ್ಲಿಟ್ಟಿದ್ದೀಯೋ? ಅದರಲ್ಲಿ ಆತನದ್ದು ನಲವತ್ತಾದರೂ ಇರಬೇಕು. ಒಂದು ತೆಗೆದುಕೊಡು, ಓದುತ್ತೇನೆ" ಎಂದಳು.

ಯಾವ ಪೆಟ್ಟಿಗೆ ಎಂದು ಕೇಳುವಷ್ಟು ಧೈರ್ಯವೂ ನನಗೆ ಬರಲಿಲ್ಲ. ನಿಜ ಹೇಳಿದೆ. ಅಮ್ಮ ಬಯ್ಯಲಿಲ್ಲ. "ಹೋಗಲಿ ಬಿಡು, ಇಲ್ಲಿ ಇಡುವುದಕ್ಕೆ ಜಾಗವಾದರೂ ಎಲ್ಲಿ?" ಎಂದು ಒಳಗೆದ್ದು ಹೋದಳು. ಬೈದಿದ್ದರೆ ಅಂದಿಗೆ ಮುಗಿದುಹೋಗುತ್ತಿತ್ತೇನೋ.

ಆ ಪೆಟ್ಟಿಗೆಯ ಹಿಂದಿನ ಕಥೆಯನ್ನು ಅವಳು ಆಮೇಲೆ ಒಂದೊಂದೇ ತುಣುಕಾಗಿ ಹೇಳಿದಳು. ಅಮ್ಮ ಮದುವೆಯಾಗಿ ಬಂದದ್ದು 1958ರಲ್ಲಿ. ಆಗ ಅವಳಿಗೆ ಹದಿನೇಳು. ಬೀದಿಯ ಕೊನೆಯಲ್ಲಿ ಬಾಡಿಗೆಗೆ ಪುಸ್ತಕ ಕೊಡುವ ಒಂದು ಚಿಕ್ಕ ಅಂಗಡಿಯಿತ್ತಂತೆ. ದಿನಕ್ಕೆ ಐದು ಹೊಸ ಪೈಸೆ. ಮನೆಗೆ ತರಕಾರಿ ತರುವ ಹುಡುಗನ ಕೈಯಲ್ಲಿ ಪುಸ್ತಕ ತರಿಸಿ, ದೇವರನಾಮದ ಪುಸ್ತಕದ ರಟ್ಟಿನೊಳಗೆ ಸೇರಿಸಿಟ್ಟು, ಅಡಿಗೆಮನೆಯಲ್ಲಿ ಅನ್ನ ಬೇಯುವಷ್ಟರಲ್ಲಿ ಒಂದೊಂದು ಅಧ್ಯಾಯ ಓದುತ್ತಿದ್ದಳು. ಅನ್ನ ಸೀದ ದಿನಗಳೂ ಉಂಟು. ನಮ್ಮ ತಂದೆಗೆ 'ಕೊಲೆ ಪುಸ್ತಕ' ಕಂಡರಾಗುತ್ತಿರಲಿಲ್ಲ. ಹಾಗೆಂದು ಅವಳು ವರ್ಷಗಟ್ಟಲೆ ನಂಬಿಕೊಂಡಿದ್ದಳು. ಒಮ್ಮೆ ಗುರುತಿಗೆ ಇಟ್ಟಿದ್ದ ನವಿಲುಗರಿ ಹತ್ತು ಪುಟ ಮುಂದೆ ಹೋಗಿರುವುದನ್ನು ಕಂಡು, ರಾತ್ರಿ ಎಲ್ಲರೂ ಮಲಗಿದ ಮೇಲೆ ಅವರೂ ಓದುತ್ತಿರುವ ಸಂಗತಿ ಪತ್ತೆಯಾಯಿತು. ಅಮ್ಮ ಪತ್ತೇದಾರಿಕೆ ನಡೆಸಿ ಗೆದ್ದ ಮೊದಲ ಮೊಕದ್ದಮೆ ಅದು. ಇಬ್ಬರೂ ಆ ವಿಷಯ ಬಾಯಿಬಿಟ್ಟು ಆಡಲಿಲ್ಲವಂತೆ. ಆದರೆ ಮರುವಾರದಿಂದ ಬಾಡಿಗೆಯ ಕಾಸು ಅಡಿಗೆಮನೆಯ ಗೂಡಿನಲ್ಲಿ ತಾನಾಗಿಯೇ ಬಂದು ಕೂರುತ್ತಿತ್ತು. ಮುಂದೆ ಆ ಅಂಗಡಿ ಮುಚ್ಚಿದಾಗ ಮಾಲಿಕ ಪುಸ್ತಕಗಳನ್ನು ಮೂರು ಕಾಸಿಗೆ ಮಾರಿದ. ಒಂದು ಪೆಟ್ಟಿಗೆ ತುಂಬುವಷ್ಟನ್ನು ಕೊಂಡು ತಂದವರು ನಮ್ಮ ತಂದೆಯೇ.

ಈ ಪುಸ್ತಕಗಳನ್ನು ಬರೆದವರ ವಿಷಯ ನಮ್ಮ ಸಾಹಿತ್ಯದ ಇತಿಹಾಸಗಳಲ್ಲಿ ಹುಡುಕಿದರೆ ಹೆಚ್ಚು ಸಿಗುವುದಿಲ್ಲ. ಸಿಕ್ಕರೂ ಒಂದು ಸಾಲು, ಅದೂ ಮೂಗು ಮುರಿದುಕೊಂಡು. ನರಸಿಂಹಯ್ಯನವರು 1925ರಲ್ಲಿ ಚಿಕ್ಕಮಗಳೂರಿನಲ್ಲಿ ಹುಟ್ಟಿದವರು. ಶಾಲೆಯಲ್ಲಿ ಓದಿದ್ದು ನಾಲ್ಕನೆಯ ತರಗತಿಯವರೆಗೆ. ಹೊಟ್ಟೆಪಾಡಿಗೆ ಹತ್ತೆಂಟು ಕೆಲಸ ಮಾಡಿದವರು. 'ಪತ್ತೇದಾರ ಪುರುಷೋತ್ತಮ' ಎಂಬ ಕಾದಂಬರಿ 1952ರಲ್ಲಿ ಹೊರಬಂದ ಮೇಲೆ ಅವರ ಲೇಖನಿ ನಿಂತದ್ದೇ ಇಲ್ಲ. ಒಟ್ಟು 500ಕ್ಕೂ ಹೆಚ್ಚು ಕಾದಂಬರಿಗಳು. ಪುರುಷೋತ್ತಮ, ಮಧುಸೂದನ, ಅರಿಂಜಯ ಎಂಬ ಅವರ ಪತ್ತೇದಾರರು ಕನ್ನಡ ನಾಡಿನ ಮನೆಮನೆಯ ನೆಂಟರಾಗಿದ್ದರು. ನಾಲ್ಕನೆಯ ತರಗತಿ ಓದಿದವರೊಬ್ಬರು ಎಷ್ಟು ಸಾವಿರ ಜನರಿಗೆ ಓದುವ ಅಭ್ಯಾಸ ಹಿಡಿಸಿದರೆಂಬುದನ್ನು ಯಾರಾದರೂ ಲೆಕ್ಕ ಹಾಕಿದ್ದರೆ ಚೆನ್ನಾಗಿತ್ತು. ಅಕ್ಷರ ಬಲ್ಲ ಹೆಂಗಸರು, ಬಸ್ಸಿನ ಕಂಡಕ್ಟರುಗಳು, ಗಿರಣಿಯ ಕಾರ್ಮಿಕರು, ಪರೀಕ್ಷೆಯಲ್ಲಿ ನಪಾಸಾದ ಹುಡುಗರು, ಇವರ ಕೈಗೆ ದೊಡ್ಡ ಸಾಹಿತಿಗಳ ಪುಸ್ತಕ ಬರುವುದಕ್ಕೆ ಮೊದಲು ಬಂದದ್ದು ಇಂಥವು.

ಮ. ರಾಮಮೂರ್ತಿಯವರ ಕಥೆ ಮತ್ತೂ ವಿಚಿತ್ರ. 'ವೀರಕೇಸರಿ' ಸೀತಾರಾಮ ಶಾಸ್ತ್ರಿಗಳ ಮಗ, 1918ರಲ್ಲಿ ಜನನ. ಸಾಲುಸಾಲಾಗಿ ಪತ್ತೇದಾರಿ ಕಾದಂಬರಿ ಬರೆದು ಹೆಸರು ಮಾಡಿದವರು, ಬೆಂಗಳೂರಿನಲ್ಲಿ ಕನ್ನಡಕ್ಕೆ ಸ್ಥಾನವಿಲ್ಲವೆಂದು ಕಂಡಾಗ ಲೇಖನಿಯ ಜೊತೆಗೆ ಚಳವಳಿಯನ್ನೂ ಹಿಡಿದರು. ಹಳದಿ ಕೆಂಪು ಬಣ್ಣದ ನಮ್ಮ ಕನ್ನಡದ ಬಾವುಟ ಅವರ ಕಲ್ಪನೆ. 1967ರಲ್ಲಿ ಬಾವಿ ತೋಡಿಸುತ್ತಿದ್ದಾಗ ಮಣ್ಣು ಕುಸಿದು, ಇಬ್ಬರು ಗಂಡುಮಕ್ಕಳೊಡನೆ ತೀರಿಕೊಂಡರು. ಪ್ರತಿ ನವೆಂಬರಿನಲ್ಲಿ ನಮ್ಮ ಸಂಘದ ಅಂಗಳದಲ್ಲಿ ಆ ಬಾವುಟ ಏರಿಸುವಾಗ, ಅದನ್ನು ಕೊಟ್ಟವರು ಒಬ್ಬ 'ಕೊಲೆ ಪುಸ್ತಕ' ಬರೆಯುವವರು ಎಂದು ನಮ್ಮ ಮಕ್ಕಳಿಗೆ ಹೇಳುವವರು ಎಷ್ಟು ಮಂದಿ? ಹೇಳಿದರೆ ಮಕ್ಕಳು ಬಾವುಟವನ್ನು ಇನ್ನಷ್ಟು ಪ್ರೀತಿಯಿಂದ ನೋಡುತ್ತಾರೆಂಬುದು ನನ್ನ ಅನುಭವ.

ಆಮೇಲಿನ ತಲೆಮಾರಿನ ಟಿ.ಕೆ. ರಾಮರಾಯರನ್ನೂ ಎಚ್.ಕೆ. ಅನಂತರಾಯರನ್ನೂ ಚಲನಚಿತ್ರ ಕಾಪಾಡಿತು ಎನ್ನಬೇಕು. 1972ರ 'ಬಂಗಾರದ ಮನುಷ್ಯ' ರಾಮರಾಯರ ಕಾದಂಬರಿ. 1981ರ 'ಅಂತ' ಅನಂತರಾಯರದು. ಚಿತ್ರ ನೋಡಿದವರು ಕೋಟಿ; ಪುಸ್ತಕ ನೋಡಿದವರು ಈಗ ಬೆರಳೆಣಿಕೆ. ಅಬಿಡ್ಸಿನಲ್ಲಿ ಒಂದು ದಿನ ಕಾರು ರಿಪೇರಿಯ ಕೈಪಿಡಿಯ ಕೆಳಗೆ ರಾಮರಾಯರ ಪುಸ್ತಕವೊಂದು ಸಿಕ್ಕಿ, ವ್ಯಾಪಾರಿ ಅದನ್ನು ತೆಲುಗೆಂದು ತಿಳಿದು 20 ರೂಪಾಯಿ ಹೇಳಿದ. ನಾನು ಚೌಕಾಸಿ ಮಾಡದೆ ಕೊಟ್ಟುದರಿಂದ ಅವನಿಗೆ ಅನುಮಾನ ಬಂದು, ಮುಂದಿನ ವಾರದಿಂದ ದುಂಡಗಿನ ಅಕ್ಷರದ ಪುಸ್ತಕಕ್ಕೆಲ್ಲ 50 ಹೇಳತೊಡಗಿದ. ಈ ಊರಿನಲ್ಲಿ ಹಳೆಯ ಕನ್ನಡ ಪುಸ್ತಕದ ಬೆಲೆ ಏರಿದ್ದಕ್ಕೆ ನಾನೇ ಕಾರಣನೆಂದು ಒಪ್ಪಿಕೊಳ್ಳುತ್ತೇನೆ.

ಹೈದರಾಬಾದಿಗೆ ಕನ್ನಡ ಪುಸ್ತಕ ಬರುವುದೆಲ್ಲಿಂದ ಎಂದು ಆಶ್ಚರ್ಯಪಡಬೇಕಾದುದಿಲ್ಲ. 1956ರ ನವೆಂಬರ್ 1ರವರೆಗೆ ಬೀದರ, ಕಲಬುರ್ಗಿ, ರಾಯಚೂರು ಜಿಲ್ಲೆಗಳಿಗೆ ಇದೇ ರಾಜಧಾನಿ. ಕಾಚಿಗುಡದ ನೃಪತುಂಗ ಶಾಲೆಯನ್ನೂ ಕರ್ನಾಟಕ ಸಾಹಿತ್ಯ ಮಂದಿರವನ್ನೂ ಬಲ್ಲವರಿಗೆ ಇಲ್ಲಿಯ ಕನ್ನಡದ ಬೇರು ಎಷ್ಟು ಆಳದ್ದೆಂದು ಹೇಳಬೇಕಾಗಿಲ್ಲ. ಆ ಮನೆಗಳ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ; ಮಕ್ಕಳು ಅಮೆರಿಕದಲ್ಲಿ; ಬೀರು ಖಾಲಿಯಾಗುತ್ತದೆ. ನಾನು ತುಮಕೂರಿನಲ್ಲಿ ಮಾಡಿದ್ದನ್ನೇ ಅವರು ಇಲ್ಲಿ ಮಾಡುತ್ತಾರೆ. ಮಿಯಾಪುರದ ರದ್ದಿಯಂಗಡಿಯೊಂದರಲ್ಲಿ ನಾನು ಹೇಳಿಟ್ಟಿದ್ದೇನೆ: ಈ ಲಿಪಿ ಕಂಡರೆ ಹರಿಯಬೇಡ, ನನಗೊಂದು ಫೋನು ಮಾಡು. ಹುಡುಗ ಜಾಣ. ಒಮ್ಮೆ ಹೀಗೆ ಫೋನು ಮಾಡಿ, ಒಂದು ಗೋಣಿಚೀಲ ತುಂಬ ಆದಾಯ ತೆರಿಗೆಯ ಹಳೆಯ ಕನ್ನಡ ಕೈಪಿಡಿಗಳನ್ನು ನನಗೆ ಮಾರಿದ.

ಕಾಗದದ ವಿಷಯ ಒಂದಿಷ್ಟು ಹೇಳಬೇಕು, ಏಕೆಂದರೆ ಇಡೀ ಸಂಕಟ ಇರುವುದು ಅಲ್ಲೇ. ಇಂಥ ಸಾಹಿತ್ಯವನ್ನು ಇಂಗ್ಲಿಷಿನವರು 'ಪಲ್ಪ್' ಎನ್ನುತ್ತಾರೆ. ಹಿಂದಿಯವರು 'ಲುಗ್ದಿ' ಎನ್ನುತ್ತಾರೆ. ಎರಡಕ್ಕೂ ಅರ್ಥ ಒಂದೇ: ಅರೆದ ತಿರುಳು. ನ್ಯೂಯಾರ್ಕಿನ 'ಆರ್ಗಸಿ' ಎಂಬ ಪತ್ರಿಕೆ 1896ರಲ್ಲಿ ಬರೀ ಕಥೆಗಳನ್ನೇ ಅಗ್ಗದ ಮರದ ತಿರುಳಿನ ಕಾಗದದ ಮೇಲೆ ಅಚ್ಚುಹಾಕಿದಾಗ ಈ ಹೆಸರಿಗೆ ದಾರಿಯಾಯಿತು. 'ವಿಯರ್ಡ್ ಟೇಲ್ಸ್' ಎಂಬ ಭಯಾನಕ ಕಥೆಗಳ ಪತ್ರಿಕೆ ಹುಟ್ಟಿದ್ದು 1923ರಲ್ಲಿ. ಲಂಡನ್ನಿನಲ್ಲಿ ಆರು ಪೆನ್ಸಿನ ಪೆಂಗ್ವಿನ್ 1935ರಲ್ಲಿ ಬಂತು. ದೆಹಲಿಯಲ್ಲಿ ಒಂದು ರೂಪಾಯಿಯ ಹಿಂದ್ ಪಾಕೆಟ್ ಬುಕ್ಸ್ 1958ರಲ್ಲಿ. ಎಲ್ಲ ಕಡೆಯೂ ಉಪಾಯ ಒಂದೇ, ಕಾಗದ ಅಗ್ಗವಾಗಬೇಕು. ಮರವನ್ನು ಯಂತ್ರದಲ್ಲಿ ಹಾಗೆಯೇ ಅರೆದು ಮಾಡಿದ ಕಾಗದದಲ್ಲಿ ಲಿಗ್ನಿನ್ ಎಂಬ ವಸ್ತು ಉಳಿದುಬಿಡುತ್ತದೆ. ಗಾಳಿ ಬೆಳಕು ತಾಗಿದಂತೆ ಅದು ಹಳದಿಯಾಗುತ್ತದೆ, ಹುಳಿಯೇರುತ್ತದೆ. ಆ ಹುಳಿ ಕಾಗದದ ನಾರನ್ನೇ ತಿಂದು, ಪುಟ ಮಡಿಚಿದರೆ ಹಪ್ಪಳದಂತೆ ಮುರಿಯುತ್ತದೆ. ತಾಳೆಗರಿ ಐನೂರು ವರ್ಷ ಬಾಳಿತು. ಪುರುಷೋತ್ತಮನ ಸಾಹಸ ಅರವತ್ತು ವರ್ಷಕ್ಕೆ ಪುಡಿಯಾಗುತ್ತಿದೆ.

ಪುಸ್ತಕ ಕೊಟ್ಟು ಉಳಿಸುವ ಕಾನೂನು ಇಲ್ಲವೇ ಎಂದರೆ, ಇದೆ. 1954ರ ಕಾಯಿದೆಯ ಪ್ರಕಾರ ಪ್ರತಿಯೊಬ್ಬ ಪ್ರಕಾಶಕನೂ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಕೆಲವು ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕು. ತಿಂಗಳಿಗೆ ಎರಡು ಮೂರು ಕಾದಂಬರಿ ಅಚ್ಚುಹಾಕಿ, ಅಂಚೆ ವೆಚ್ಚಕ್ಕೂ ಲೆಕ್ಕ ಮಾಡುತ್ತಿದ್ದ ಚಿಕ್ಕ ಪ್ರಕಾಶಕರೆಲ್ಲ ಅದನ್ನು ಪಾಲಿಸಿರಬೇಕೆಂದು ನಾನಂತೂ ಭಾವಿಸಲಾರೆ. ಇನ್ನು ಊರಿನ ವಾಚನಾಲಯಗಳು ಇವುಗಳನ್ನು ಕೊಂಡರೂ ಜನ ಓದಿ ಓದಿ ಚಿಂದಿ ಮಾಡಿದರು; ಚಿಂದಿಯಾದುದನ್ನು ವಜಾ ಮಾಡಿದರು. ಯಾರೂ ಓದದ ಪುಸ್ತಕ ಬೀರುವಿನಲ್ಲಿ ಭದ್ರವಾಗಿ ಕುಳಿತಿದೆ. ಎಲ್ಲರೂ ಓದಿದ ಪುಸ್ತಕಕ್ಕೆ ಗತಿಯಿಲ್ಲ.

ಈ ಹುಡುಕಾಟದಲ್ಲಿ ನನಗೆ ತಿಳಿದ ಇನ್ನೊಂದು ಸಂಗತಿ ನಮ್ಮ ನೆರೆಹೊರೆಯದು. ನರಸಿಂಹಯ್ಯನವರ ಪುರುಷೋತ್ತಮ ಹುಟ್ಟಿದ 1952ರಲ್ಲಿಯೇ ಅಲಹಾಬಾದಿನಲ್ಲಿ ಇಬ್ನೆ ಸಫಿ ಎಂಬ ಲೇಖಕರು 'ಜಾಸೂಸಿ ದುನಿಯಾ' ಎಂಬ ಉರ್ದು ಮಾಲೆಯನ್ನು ಶುರುಮಾಡಿದರು. ಫರೀದಿ ಮತ್ತು ಹಮೀದ್ ಎಂಬ ಆ ಪತ್ತೇದಾರರನ್ನು ಹೈದರಾಬಾದಿನ ಹಳೆಯ ಜನ ಈಗಲೂ ಮನೆಯ ಹುಡುಗರ ಹೆಸರು ಹೇಳುವಂತೆ ಹೇಳುತ್ತಾರೆ. ತೆಲುಗಿನಲ್ಲಿ ಕೊಮ್ಮೂರಿ ಸಾಂಬಶಿವರಾಯರು ಯುಗಂಧರ್ ಎಂಬವನನ್ನೂ ಅವನ ಸಹಾಯಕ ರಾಜುವನ್ನೂ ಸೃಷ್ಟಿಸಿದರು. ಒಂದು ದಿನ ಅಬಿಡ್ಸಿನ ಒಂದೇ ತಾಡಪಾಲಿನ ಮೇಲೆ ಈ ಮೂವರ ಓದುಗರು ನಾವು ಸೇರಿದೆವು: ಉರ್ದು ಹುಡುಕುವ ಒಬ್ಬ ನಿವೃತ್ತ ಮೇಷ್ಟರು, ತೆಲುಗು ಹುಡುಕುವ ಒಬ್ಬ ಬ್ಯಾಂಕಿನವರು, ಕನ್ನಡದ ನಾನು. ಯಾರ ಪತ್ತೇದಾರ ದೊಡ್ಡವನೆಂದು ಇರಾನಿ ಚಹದ ಅಂಗಡಿಯಲ್ಲಿ ಒಂದು ಗಂಟೆ ವಾದ ನಡೆಯಿತು. ತೀರ್ಮಾನವಾಗಲಿಲ್ಲ. ಆದರೆ ಅಂದಿನಿಂದ ಒಬ್ಬರಿಗೆ ಬೇಕಾದದ್ದು ಇನ್ನೊಬ್ಬರ ಕಣ್ಣಿಗೆ ಬಿದ್ದರೆ ಎತ್ತಿಡುವುದೆಂದು ಒಪ್ಪಂದವಾಗಿದೆ. ಕನ್ನಡ ಓದಲು ಬಾರದ ಮೇಷ್ಟರೇ ನನಗೆ ಇದುವರೆಗೆ ನಾಲ್ಕು ಪುಸ್ತಕ ಹುಡುಕಿಕೊಟ್ಟಿದ್ದಾರೆ.

ದೆವ್ವದ ಪುಸ್ತಕಗಳ ಮಾತು ಸ್ವಲ್ಪ ಬೇರೆ. ನಮ್ಮಲ್ಲಿ ದೆವ್ವದ ಕಥೆ ಹೇಳುವುದಕ್ಕೆ ಅಜ್ಜಿಯರಿದ್ದುದರಿಂದಲೋ ಏನೋ, ಅಚ್ಚಿನಲ್ಲಿ ಪತ್ತೇದಾರನಿಗೆ ಸಿಕ್ಕಷ್ಟು ಜಾಗ ದೆವ್ವಕ್ಕೆ ಬಹುಕಾಲ ಸಿಗಲಿಲ್ಲ. ಪತ್ತೇದಾರಿಯಲ್ಲಿ ದೆವ್ವ ಬಂದರೂ ಕೊನೆಯ ಅಧ್ಯಾಯದಲ್ಲಿ ಅದು ಬಿಳಿ ಸೀರೆ ಸುತ್ತಿಕೊಂಡ ಗುಮಾಸ್ತನೆಂದು ಗೊತ್ತಾಗುತ್ತಿತ್ತು. ಆ ಕಟ್ಟನ್ನು ಮುರಿದವರು ತೆಲುಗಿನ ಯಂಡಮೂರಿ ವೀರೇಂದ್ರನಾಥರು. ತುಳಸಿಯೆಂಬ ಪುಟ್ಟ ಹುಡುಗಿಯ ಮೇಲೆ ಮಾಟ ಮಾಡಿಸುವ ಅವರ 'ತುಳಸೀದಳಂ' 1980ರ ಆಸುಪಾಸಿನಲ್ಲಿ ತೆಲುಗು ನಾಡನ್ನೇ ನಡುಗಿಸಿತು. ಕನ್ನಡಕ್ಕೂ ಬಂದು, 1985ರಲ್ಲಿ 'ತುಳಸೀದಳ' ಎಂಬ ಚಲನಚಿತ್ರವೂ ಆಯಿತು. ನಾನು ಈ ಊರಿಗೆ ಬಂದ ಹೊಸತರಲ್ಲಿ ತೆಲುಗು ಓದಲು ಕಲಿತದ್ದೇ ಆ ಪುಸ್ತಕದಿಂದ. ಬ್ರಹ್ಮಚಾರಿಯಾಗಿ ಒಬ್ಬನೇ ಇದ್ದ ಕೋಣೆಯಲ್ಲಿ, ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದುದರಿಂದ ಭಯವೂ ನಿಧಾನವಾಗಿ, ಬಹಳ ಹೊತ್ತು ಆಗುತ್ತಿತ್ತು. ಮಾಟಮಂತ್ರವನ್ನು ನಂಬುವಂತೆ ಮಾಡುವ ಪುಸ್ತಕವೆಂದು ಆಗ ಅದಕ್ಕೆ ವಿರೋಧವೂ ಎದ್ದಿತ್ತು. ಆ ವಿರೋಧದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಮೊಮ್ಮಗನ ಕೈಗೆ ಸಿಗದ ಎತ್ತರದಲ್ಲೇ ಅದನ್ನು ಇಟ್ಟಿದ್ದೇನೆ.

ಇಂಗ್ಲಿಷಿನ ಕಡೆ, ಹರ್ಬರ್ಟ್ ವಾನ್ ಥಾಲ್ ಎಂಬವರು 1959ರಲ್ಲಿ ಸಂಪಾದಿಸಲು ತೊಡಗಿದ ಪ್ಯಾನ್ ಪ್ರಕಾಶನದ ಭಯಾನಕ ಕಥೆಗಳ ಮಾಲೆ 30 ಸಂಪುಟಗಳಿಗೆ ಬೆಳೆಯಿತು. ಅಬಿಡ್ಸಿನಲ್ಲಿ ನನಗೆ ಎರಡು ಸಿಕ್ಕಿವೆ. ಅವುಗಳ ಹೊದಿಕೆಯ ಚಿತ್ರ ಕಂಡು ನಮ್ಮಾಕೆ, ಇವು ದೇವರ ಕೋಣೆಯ ಗೋಡೆಗೆ ತಾಗಿದ ಬೀರುವಿನಲ್ಲಿ ಇರಕೂಡದೆಂದು ಕಟ್ಟಪ್ಪಣೆ ಮಾಡಿದ್ದಾಳೆ. ಚೇಸನ ಪುಸ್ತಕಗಳಿಗೂ ಅದೇ ಶಿಕ್ಷೆ, ಕಾರಣ ಬೇರೆ. ಅವನ ನಿಜವಾದ ಹೆಸರು ರೆನೆ ರೇಮಂಡ್. ಇಂಗ್ಲೆಂಡಿನವನು, ಅಮೆರಿಕದ ಕಳ್ಳಕಾಕರ ಕಥೆಗಳನ್ನು ನಕಾಶೆಯನ್ನೂ ನಿಘಂಟನ್ನೂ ಎದುರಿಗಿಟ್ಟುಕೊಂಡು ಬರೆದನೆಂದು ಹೇಳುತ್ತಾರೆ. ಅದೇನೇ ಇರಲಿ, ನಮ್ಮ ರೈಲು ನಿಲ್ದಾಣಗಳಲ್ಲಿ ಅವನಷ್ಟು ಮಾರಾಟವಾದವರು ಕಡಮೆ.

ಈ ಹವ್ಯಾಸ ಹಿಡಿಯಬೇಕೆಂದು ಯಾರಿಗಾದರೂ ಅನ್ನಿಸಿದರೆ ಕೈಯಾರೆ ಕಲಿತ ಕೆಲವು ಮಾತು ಹೇಳುತ್ತೇನೆ. ಪುಸ್ತಕ ಕೈಗೆ ಬಂದೊಡನೆ ಹೊದಿಕೆಯ ಅಂದ ನೋಡಬೇಡಿ. ಕೊನೆಯ ಪುಟ ನೋಡಿ. ಮೊಳೆ ಜೋಡಿಸಿ ಅಚ್ಚು ಮಾಡುತ್ತಿದ್ದ ಕಾಲದಲ್ಲಿ ಪುಸ್ತಕವೆಂದರೆ ಹದಿನಾರು ಹದಿನಾರು ಪುಟಗಳ ಫಾರಂಗಳ ಕಟ್ಟು. ತಂತಿಯ ಹೊಲಿಗೆ ತುಕ್ಕು ಹಿಡಿದು ಕಡಿದರೆ ಕೊನೆಯ ಫಾರಂ ಇಡಿಯಾಗಿ ಕಳಚಿಹೋಗುತ್ತದೆ. ಪತ್ತೇದಾರಿಯಲ್ಲಿ ಕೊನೆಯ ಹದಿನಾರು ಪುಟ ಹೋದರೆ ಉಳಿದದ್ದೇನು? ತಂದ ಪುಸ್ತಕವನ್ನು ನೇರವಾಗಿ ಬೀರುವಿಗೆ ಸೇರಿಸಲೂ ಬೇಡಿ, ಹುಳು ಇದ್ದರೆ ಮನೆಯ ಪುಸ್ತಕಕ್ಕೆಲ್ಲ ಹಬ್ಬುತ್ತದೆ. ಗಾಳಿಯಾಡದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರಿಜ್ಜಿನ ಮಂಜಿನ ಅರೆಯಲ್ಲಿ ಎರಡು ವಾರ ಇಟ್ಟರೆ ಹುಳುವೂ ಮೊಟ್ಟೆಯೂ ಸಾಯುತ್ತವೆ. ಹೊರತೆಗೆದ ಮೇಲೆ ಚಳಿ ಪೂರ್ತಿ ಇಳಿಯುವವರೆಗೆ ಚೀಲ ಬಿಚ್ಚಬಾರದು, ಬಿಚ್ಚಿದರೆ ಕಾಗದ ಬೆವರುತ್ತದೆ. ನಮ್ಮ ಮನೆಯಲ್ಲಿ ಹಸಿರು ಬಟಾಣಿಯ ಪಕ್ಕದಲ್ಲಿ ಮಧುಸೂದನ ಹದಿನೈದು ದಿನ ಮಲಗಿದ್ದ. ಹರಿದ ಪುಟಕ್ಕೆ ಅಂಟುಪಟ್ಟಿ ಮಾತ್ರ ಹಚ್ಚಬೇಡಿ. ಈಗ ಹಿಡಿದಂತೆ ಕಂಡರೂ ಕೆಲವು ವರ್ಷಕ್ಕೆ ಕಂದು ಬಣ್ಣದ ಕಲೆ ಉಳಿಸಿ ಉದುರಿಹೋಗುತ್ತದೆ.

ಫೋನಿನಲ್ಲಿ ಚಿತ್ರ ತೆಗೆದು ಎಲ್ಲರಿಗೂ ಹಂಚಬಾರದೇಕೆ ಎಂದು ನನ್ನ ಮಗ ಕೇಳಿದ. ನಮ್ಮ ದೇಶದ ಕಾನೂನಿನಂತೆ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿದಿರುತ್ತದೆ. ರಾಮಮೂರ್ತಿಯವರ ಪುಸ್ತಕಗಳು 2028ರ ಜನವರಿಯಿಂದ ಎಲ್ಲರ ಸೊತ್ತಾಗುತ್ತವೆ. ನರಸಿಂಹಯ್ಯನವರದಕ್ಕೆ 2072ರವರೆಗೆ ಕಾಯಬೇಕು. ಅಲ್ಲಿಯತನಕ ಆ ಕಾಗದ ಕಾಯುತ್ತದೆಯೇ? ವಾರಸುದಾರರನ್ನು ಕಂಡು, ಒಪ್ಪಿಗೆ ಪಡೆದು ಮರುಮುದ್ರಿಸುವ ಪ್ರಕಾಶಕರು ಬೇಕು. ಮುದ್ರಿಸಬೇಕಾದರೂ ಮೊದಲು ಒಂದು ಪೂರ್ತಿ ಪ್ರತಿ ಯಾರದಾದರೂ ಮನೆಯಲ್ಲಿ ಉಳಿದಿರಬೇಕು.

ಈಗ ನನ್ನ ಬೀರುವಿನಲ್ಲಿ ಕನ್ನಡದವು 37 ಇವೆ. ಬೆಂಗಳೂರಿಗೆ ಹೋದಾಗಲೆಲ್ಲ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದವರನ್ನೂ, 1945ರಲ್ಲಿ ಹುಟ್ಟಿದ, ಬ್ರಿಗೇಡ್ ರಸ್ತೆಯ ಪಕ್ಕದ ಸೆಲೆಕ್ಟ್ ಬುಕ್ ಷಾಪನ್ನೂ ನೋಡದೆ ಬರುವುದಿಲ್ಲ. ಬೀದರದ ಗೆಳೆಯರೊಬ್ಬರು ಸಿಕ್ಕಿದ್ದನ್ನು ಬಸ್ಸಿನ ಮೇಲೆ ಕಳಿಸುತ್ತಾರೆ. ಮುಂಬಯಿ ಹೆದ್ದಾರಿಯ ಬಸ್ಸುಗಳೆಲ್ಲ ಮಿಯಾಪುರದ ಮೇಲೆಯೇ ಬರುವುದರಿಂದ ಇಳಿಸಿಕೊಳ್ಳುವುದು ಸುಲಭ. ಅಮ್ಮನ ಪೆಟ್ಟಿಗೆಯಲ್ಲಿದ್ದಷ್ಟಕ್ಕೆ ಇನ್ನೂ ಅರ್ಧದಷ್ಟೂ ಆಗಿಲ್ಲ.

ಅಮ್ಮನಿಗೆ ಈಗ ಕಣ್ಣು ಮಂಜು. ಸಣ್ಣ ಅಕ್ಷರ ಕಾಣುವುದಿಲ್ಲ. ಮೊದಲು ನಾನೇ ಓದಿ ಹೇಳುತ್ತಿದ್ದೆ. ಈಚೆಗೆ ಆ ಕೆಲಸ ಹನ್ನೊಂದು ವರ್ಷದ ಮೊಮ್ಮಗನದು. ಅವನು ಇಲ್ಲೇ ಹುಟ್ಟಿದವನು. ಶಾಲೆಯಲ್ಲಿ ತೆಲುಗು, ಹಿಂದಿ, ಇಂಗ್ಲಿಷ್. ಕನ್ನಡ ಬರೀ ಬಾಯಿಮಾತು. ನಾನು ಎರಡು ಬೇಸಗೆ ರಜ ಕಾಗುಣಿತ ತಿದ್ದಿಸಿ ಸೋತಿದ್ದೆ. 'ಕಮಲ', 'ಬಸವ' ಎಂದು ಓದುವುದರಲ್ಲಿ ಅವನಿಗೆ ಏನು ರುಚಿ? ಒಂದು ಮಳೆಗಾಲದ ಸಂಜೆ ನಾನು ಅಮ್ಮನಿಗೆ ಓದುತ್ತಿದ್ದ ಅಧ್ಯಾಯವನ್ನು, ಬಾಗಿಲ ಹಿಡಿ ಮೆಲ್ಲಗೆ ತಿರುಗಿತು ಎಂಬಲ್ಲಿಗೆ ನಿಲ್ಲಿಸಿ, ಗಂಟಲು ನೋವೆಂದು ಎದ್ದುಹೋದೆ. ಕಾಲು ಗಂಟೆಯಲ್ಲಿ ಹುಡುಗ ಪುಸ್ತಕ ಹಿಡಿದಿದ್ದ. ತೆಲುಗು ಲಿಪಿ ಬಲ್ಲವನಿಗೆ ಕನ್ನಡದ ಅಕ್ಷರ ಅರ್ಧ ಪರಿಚಯ. ತಲೆಕಟ್ಟು ಬೇರೆ, ಒಂದೆರಡು ಒತ್ತಕ್ಷರ ಬೇರೆ. ತಡವರಿಸಿದಲ್ಲಿ ಮುತ್ತಜ್ಜಿ ಮುಂದಿನ ಮಾತನ್ನು ಊಹಿಸಿ ಹೇಳುತ್ತಾಳೆ. 'ಶವ' ಎಂಬುದೇ ಅವನು ಒತ್ತಾಸೆಯಿಲ್ಲದೆ ಕನ್ನಡದಲ್ಲಿ ಓದಿದ ಮೊದಲ ಶಬ್ದ. ಶುಭವಾದ ಆರಂಭವಲ್ಲವೆಂದು ಸೊಸೆಗೆ ಬೇಸರ.

ಹೀಗೆ ಒಂದೊಂದೇ ಪುಸ್ತಕ ಓದಿಸಿ ಮುಗಿದ ಮೇಲೆ ಅಮ್ಮ ಒಂದೇ ಮಾತು ಹೇಳುತ್ತಾಳೆ: "ಚೆನ್ನಾಗಿದೆ. ಆದರೆ ಇದಲ್ಲ."

ಅವಳಿಗೆ ಬೇಕಾದ್ದು ಒಂದಿದೆ. ಬಾಡಿಗೆ ಅಂಗಡಿಯಿಂದ ಕೊಂಡ ಪುಸ್ತಕಗಳಲ್ಲಿ ಒಂದಕ್ಕೆ ಹೊದಿಕೆಯೂ ಇರಲಿಲ್ಲ, ಕೊನೆಯ ಫಾರಮೂ ಇರಲಿಲ್ಲ. ಹೆಸರು ತಿಳಿಯದು, ಬರೆದವರು ಯಾರೆಂದು ತಿಳಿಯದು, ಪತ್ತೇದಾರನ ಹೆಸರೂ ಈಗ ಮರೆತಿದೆ. ಮಲೆನಾಡಿನ ಕಡೆಯ ಒಂದು ಬಂಗಲೆ. ಗೋಡೆಯ ಗಡಿಯಾರ ಪ್ರತಿ ರಾತ್ರಿ ಮೂರು ಗಂಟೆಗೆ ನಿಲ್ಲುತ್ತದೆ. ಬೆಳಗ್ಗೆ ನೋಡಿದರೆ ಸರಿಯಾಗಿ ನಡೆಯುತ್ತಿರುತ್ತದೆ. ಜಮೀನುದಾರನ ಕೊಲೆಯಾಗಿದೆ. ಮನೆಯಲ್ಲಿ ಇರುವವರು ಅವನ ಎರಡನೆಯ ಹೆಂಡತಿ, ತಮ್ಮ, ಒಬ್ಬ ವಕೀಲ, ಮತ್ತು ಮಾತು ಬಾರದ ಅಡಿಗೆಯವನು. ಪತ್ತೇದಾರ ಎಲ್ಲರನ್ನೂ ಹಜಾರದಲ್ಲಿ ಕೂರಿಸಿ, ಗಡಿಯಾರದ ಬಾಗಿಲು ತೆರೆದು ಒಳಗೆ ಕೈ ಹಾಕುತ್ತಾನೆ. ಅಲ್ಲಿಗೆ ಪುಟ ಮುಗಿಯುತ್ತದೆ. ಆ ಗಡಿಯಾರದೊಳಗೆ ಏನಿತ್ತೆಂದು ಅಮ್ಮ ಅರವತ್ತು ವರ್ಷಗಳಿಂದ ಯೋಚಿಸುತ್ತಿದ್ದಾಳೆ. ಆ ಪುಸ್ತಕವೂ ನಾನು ತೂಕಕ್ಕೆ ಹಾಕಿದ ಪೆಟ್ಟಿಗೆಯಲ್ಲೇ ಇತ್ತು. ಅದು ಈಗ ಕೈಯಲ್ಲಿದ್ದಿದ್ದರೆ ಕಾದಂಬರಿ ಯಾವುದೆಂದಾದರೂ ಗುರುತು ಹಿಡಿಯಬಹುದಾಗಿತ್ತು.

ಆದ್ದರಿಂದ ಈ ಪತ್ರಿಕೆ ಓದುವ ಕನ್ನಡದ ಮನೆಗಳಲ್ಲಿ ನನ್ನದೊಂದು ಬೇಡಿಕೆ. ಈ ರಜದಲ್ಲಿ ನೀವು ಊರಿಗೆ ಹೋಗುತ್ತೀರಿ. ಅಟ್ಟ ತೆಗೆಸುವ, ಮನೆ ಮಾರುವ, ಹಳೆಯದನ್ನು ವಿಲೇವಾರಿ ಮಾಡುವ ಮಾತು ಬರುತ್ತದೆ. ರದ್ದಿಯವನನ್ನು ಕರೆಯುವ ಮೊದಲು ತಗಡಿನ ಪೆಟ್ಟಿಗೆಗಳ ಮುಚ್ಚಳ ಒಮ್ಮೆ ತೆಗೆದು ನೋಡಿ. ಮನೆಯ ಹೆಂಗಸರನ್ನು ಕೇಳಿ, ಏಕೆಂದರೆ ಪೆಟ್ಟಿಗೆ ಸಾಮಾನ್ಯವಾಗಿ ಅವರದಾಗಿರುತ್ತದೆ. ನಿಂತ ಗಡಿಯಾರವೂ ಮೂಕ ಅಡಿಗೆಯವನೂ ಇರುವ ಕಾದಂಬರಿ ಕಣ್ಣಿಗೆ ಬಿದ್ದರೆ ಸಂಘದ ಕಚೇರಿಗೆ ಒಂದು ಮಾತು ತಿಳಿಸಿ. ಪುಸ್ತಕ ಕೊಡಬೇಕಾಗಿಲ್ಲ, ಕೊನೆಯ ಹದಿನಾರು ಪುಟಗಳನ್ನು ಓದಿ ಹೇಳಿದರೆ ಸಾಕು.

ನಮ್ಮಾಕೆಯ ಅನುಮಾನ ವಕೀಲನ ಮೇಲೆ. ಮೊಮ್ಮಗ ಎರಡನೆಯ ಹೆಂಡತಿ ಎನ್ನುತ್ತಾನೆ. ಅಡಿಗೆಯವನಿಗೆ ನಿಜವಾಗಿ ಮಾತು ಬರುತ್ತಿತ್ತು, ಅವನೇ ಮಾಡಿದ್ದು ಎಂದು ನಾನು ವಾದಿಸುತ್ತೇನೆ. ಅಮ್ಮ ಮೂವರ ಮಾತನ್ನೂ ಕೇಳಿ, ಕನ್ನಡಕ ತೆಗೆದು ಒರಸುತ್ತ, "ಅಡಿಗೆಯವನಲ್ಲ ಕಣೋ. ಕೊಲೆಯಾದ ರಾತ್ರಿಯೂ ಅವನು ಅನ್ನ ಸೀಯಿಸಲಿಲ್ಲ" ಎನ್ನುತ್ತಾಳೆ.